ಬೇಲಾ ಗುಟ್‌ಮನ್: ಶಾಪದ ಹಿಂದಿನ ಸಂಬಳದ ಕಥೆ

(ವಾಚನಾಲಯವೊಂದರ ತಿಂಗಳ ಉಪನ್ಯಾಸದಲ್ಲಿ ಆಡಿದ ಮಾತುಗಳ ಬರಹ ರೂಪ)



ಫುಟ್‌ಬಾಲ್ ಲೋಕದಲ್ಲಿ ಒಂದು ಶಾಪದ ಕಥೆ ಪ್ರಚಾರದಲ್ಲಿದೆ. ಪೋರ್ಚುಗಲ್ಲಿನ ಲಿಸ್ಬನ್ ನಗರದ ಬೆನ್‌ಫಿಕಾ ಕ್ಲಬ್ 1961 ಮತ್ತು 1962ರಲ್ಲಿ ಸತತವಾಗಿ ಎರಡು ಬಾರಿ ಯುರೋಪಿಯನ್ ಕಪ್ ಗೆದ್ದಿತು. ಗೆಲ್ಲಿಸಿಕೊಟ್ಟ ತರಬೇತುದಾರ ಆಡಳಿತ ಮಂಡಳಿಯ ಮುಂದೆ ಹೋಗಿ ಹೆಚ್ಚು ಹಣ ಕೇಳಿದ. ಮಂಡಳಿ ಒಪ್ಪಲಿಲ್ಲ. ಆತ ಕ್ಲಬ್ಬು ಬಿಟ್ಟು ಹೊರಡುವಾಗ, ಇನ್ನು ನೂರು ವರ್ಷ ನಿಮಗೆ ಯುರೋಪಿನ ಕಿರೀಟ ದಕ್ಕದಿರಲಿ ಎಂದು ಶಪಿಸಿದನಂತೆ. ಆಮೇಲೆ ಬೆನ್‌ಫಿಕಾ 1963, 1965, 1968, 1988 ಮತ್ತು 1990ರಲ್ಲಿ ಅದೇ ಕಪ್ಪಿನ ಫೈನಲ್ ತಲುಪಿತು. ಐದು ಸಲವೂ ಸೋತಿತು. ಯುರೋಪಿನ ಇನ್ನೊಂದು ಪಂದ್ಯಾವಳಿಯಲ್ಲಿ 1983, 2013 ಮತ್ತು 2014ರಲ್ಲಿ ಫೈನಲ್‌ಗೆ ಬಂದು ಅಲ್ಲೂ ಸೋತಿತು. ಒಟ್ಟು ಎಂಟು.

ನಮ್ಮ ಕಡೆಯವರಿಗೆ ಇಂಥ ಕಥೆ ಹೊಸದೇನಲ್ಲ. ಅಲಮೇಲಮ್ಮನ ಶಾಪ, ತಲಕಾಡಿನ ಮರಳು ಯಾರಿಗೆ ಗೊತ್ತಿಲ್ಲ? ಆ ಕಥೆಯ ಬುಡದಲ್ಲಿಯೂ ಇರುವುದು ಒಡವೆಯ ವ್ಯಾಜ್ಯವೇ. ಒಡವೆ ನ್ಯಾಯವಾಗಿ ಯಾರದು ಎಂಬ ಪ್ರಶ್ನೆ ಹಿಂದೆ ಸರಿದು, ಜನರ ಬಾಯಲ್ಲಿ ಶಾಪ ಮಾತ್ರ ಉಳಿಯಿತು. ಲಿಸ್ಬನ್ನಿನಲ್ಲಿಯೂ ಹಾಗೆಯೇ ಆಗಿದೆ. ಶಾಪ ಕೊಟ್ಟವನೆಂಬ ಹೆಸರು ಹೊತ್ತ ಆ ಮನುಷ್ಯ ಬೇಲಾ ಗುಟ್‌ಮನ್. ಆತ ಯಾರು, ಎಲ್ಲಿಂದ ಬಂದ, ಹಣದ ವಿಷಯದಲ್ಲಿ ಅಷ್ಟೊಂದು ಬಿಗಿಯಾಗಿ ಯಾಕಿದ್ದ ಎನ್ನುವುದನ್ನು ಇಂದು ಸ್ವಲ್ಪ ನೋಡೋಣ.

ಗುಟ್‌ಮನ್ ಹುಟ್ಟಿದ್ದು 1899ರ ಜನವರಿಯಲ್ಲಿ, ಹಂಗೆರಿಯ ಬುಡಾಪೆಸ್ಟ್‌ನಲ್ಲಿ. ಯಹೂದಿ ಮನೆತನ. ತಂದೆ ತಾಯಿ ಇಬ್ಬರೂ ನೃತ್ಯ ಕಲಿಸುತ್ತಿದ್ದವರು. ಮಗನೂ ಹದಿನಾರರ ವಯಸ್ಸಿಗೇ ನೃತ್ಯ ಶಿಕ್ಷಕನಾಗುವ ಅರ್ಹತೆ ಪಡೆದ. ಆದರೆ ಕಾಲು ಎಳೆದದ್ದು ಮೈದಾನಕ್ಕೆ. ಬುಡಾಪೆಸ್ಟ್‌ನ ಎಂಟಿಕೆ ಎಂಬ ಪ್ರಸಿದ್ಧ ಕ್ಲಬ್ಬಿನಲ್ಲಿ ಸೆಂಟರ್ ಹಾಫ್ ಆಗಿ ಆಡಿದ. ಈ ಎಂಟಿಕೆಯಲ್ಲಿ ಜಿಮ್ಮಿ ಹೋಗನ್ ಎಂಬ ಇಂಗ್ಲಿಷ್ ತರಬೇತುದಾರ ಒಂದು ಹೊಸ ಪಾಠ ಬಿತ್ತಿದ್ದ. ಚೆಂಡನ್ನು ಎತ್ತಿ ದೂರಕ್ಕೆ ಒದೆಯಬೇಡಿ, ನೆಲದ ಮೇಲೆಯೇ ಒಬ್ಬರಿಂದ ಒಬ್ಬರಿಗೆ ದಾಟಿಸಿ ಎನ್ನುವುದು ಆ ಪಾಠದ ತಿರುಳು. ಇಂಗ್ಲೆಂಡಿನಲ್ಲಿ ಹೋಗನ್ ಮಾತಿಗೆ ಹೆಚ್ಚು ಬೆಲೆ ಸಿಗಲಿಲ್ಲ. ಡ್ಯಾನ್ಯೂಬ್ ನದಿಯ ದಡದ ಊರುಗಳು ಅದನ್ನು ಕಣ್ಣಿಗೊತ್ತಿಕೊಂಡವು.

ಆದರೆ ಊರು ಬದಲಾಗುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೆರಿಯಲ್ಲಿ ಯಹೂದಿ ದ್ವೇಷ ಬೀದಿಗಿಳಿಯಿತು. 1920ರಲ್ಲಿ ವಿಶ್ವವಿದ್ಯಾಲಯಗಳಿಗೆ ಯಹೂದಿಗಳ ಪ್ರವೇಶವನ್ನು ಮಿತಿಗೊಳಿಸುವ ಕಾನೂನೂ ಬಂತು. ಗುಟ್‌ಮನ್ ಗಂಟುಮೂಟೆ ಕಟ್ಟಿ ವಿಯೆನ್ನಾಕ್ಕೆ ಹೋದ. ಅಲ್ಲಿ ಹಕೋವಾ ಎಂಬ ಕ್ಲಬ್ ಇತ್ತು. ಹೀಬ್ರೂ ಭಾಷೆಯಲ್ಲಿ ಹಕೋವಾ ಎಂದರೆ ಬಲ. 1909ರಲ್ಲಿ ಯಹೂದಿಗಳೇ ಸೇರಿ ಕಟ್ಟಿದ ಸಂಸ್ಥೆ ಅದು. ಆಸ್ಟ್ರಿಯಾ ತನ್ನ ಲೀಗ್‌ನಲ್ಲಿ ಆಟಗಾರರಿಗೆ ಬಹಿರಂಗವಾಗಿ ಸಂಬಳ ಕೊಡಲು ಆರಂಭಿಸಿದ ಮೊದಲ ವರ್ಷ, ಅಂದರೆ 1924-25ರಲ್ಲಿ, ಈ ಹಕೋವಾ ತಂಡವೇ ಚಾಂಪಿಯನ್ ಆಯಿತು. ಸೆಂಟರ್ ಹಾಫ್ ಗುಟ್‌ಮನ್.

ಈ ನಡುವೆ 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹಂಗೆರಿ ತಂಡದಲ್ಲಿಯೂ ಆತನಿಗೆ ಸ್ಥಾನ ಸಿಕ್ಕಿತ್ತು. ಆಟಗಾರರಿಗಿಂತ ಅಧಿಕಾರಿಗಳೇ ಹೆಚ್ಚಾಗಿ ತುಂಬಿದ್ದ ಪ್ರವಾಸ ಅದು. ಉಳಿಸಿದ್ದೂ ರಾತ್ರಿಯಿಡೀ ಗದ್ದಲವಿದ್ದ ಒಂದು ಹೋಟೆಲಿನಲ್ಲಿ. ಗುಟ್‌ಮನ್ ಸತ್ತ ಇಲಿಗಳನ್ನು ಹಿಡಿದು ತಂದು ಅಧಿಕಾರಿಗಳ ಕೋಣೆಗಳ ಬಾಗಿಲಿಗೆ ನೇತುಹಾಕಿದ ಎಂದು ಹೇಳುತ್ತಾರೆ. ಹಂಗೆರಿ ಈಜಿಪ್ಟ್ ಎದುರು 0-3ರಿಂದ ಸೋತು ಹೊರಬಿತ್ತು; ಆತ ಮತ್ತೆಂದೂ ದೇಶದ ಪರವಾಗಿ ಆಡಲಿಲ್ಲ. ಇಲಿಗಳ ಕಥೆಗೆ ಎಷ್ಟು ಉಪ್ಪುಖಾರ ಸೇರಿದೆಯೋ ತಿಳಿಯದು, ಆದರೆ ಅಧಿಕಾರಿಗಳ ಬಗ್ಗೆ ಆತನಿಗಿದ್ದ ಭಾವನೆ ಮುಂದಿನ ಐವತ್ತು ವರ್ಷ ಹೆಚ್ಚೇನೂ ಬದಲಾಗಲಿಲ್ಲ.

1926ರಲ್ಲಿ ಹಕೋವಾ ತಂಡ ಅಮೆರಿಕ ಪ್ರವಾಸ ಹೋಯಿತು. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಒಂದು ಪಂದ್ಯ ನೋಡಲು 46,000 ಜನ ಸೇರಿದರು. ಫುಟ್‌ಬಾಲ್ ಅಷ್ಟಾಗಿ ಬೇರೂರದ ದೇಶದಲ್ಲಿ ಇದು ದೊಡ್ಡ ಸಂಗತಿ. ಯಹೂದಿ ತಂಡವನ್ನು ನೋಡಲು ಬಂದ ವಲಸಿಗರೇ ಆ ಜನಸಂದಣಿಯಲ್ಲಿ ಬಹಳ ಮಂದಿ ಇದ್ದರು. ಒಳ್ಳೆಯ ಸಂಬಳ, ದ್ವೇಷವಿಲ್ಲದ ಗಾಳಿ. ತಂಡದ ಹಲವರು ಅಲ್ಲೇ ನಿಂತುಬಿಟ್ಟರು, ಗುಟ್‌ಮನ್ ಕೂಡ. ನ್ಯೂಯಾರ್ಕ್‌ನ ಕ್ಲಬ್‌ಗಳಲ್ಲಿ ಆಡುತ್ತಾ ಹಣ ಕೂಡಿಟ್ಟ. ಪಾನನಿಷೇಧದ ಕಾಲವಲ್ಲವೇ, ಗುಟ್ಟಾಗಿ ಮದ್ಯ ಮಾರುವ ಅಂಗಡಿಯೊಂದರಲ್ಲಿ ಪಾಲುದಾರನೂ ಆದ. 1929ರಲ್ಲಿ ಷೇರುಪೇಟೆ ಕುಸಿದಾಗ ಕೂಡಿಟ್ಟದ್ದೆಲ್ಲ ನೀರಾಯಿತು. ಕೆಲವು ವರ್ಷಗಳಲ್ಲಿ ಅಲ್ಲಿನ ಲೀಗೇ ಮುಳುಗಿತು. 1932ರಲ್ಲಿ ಆತ ವಿಯೆನ್ನಾಕ್ಕೆ ಮರಳಿದಾಗ ವಯಸ್ಸು ಮೂವತ್ತಮೂರು, ಕೈ ಖಾಲಿ.

ಆಟಗಾರನ ಬಾಳು ಮುಗಿದಿತ್ತು. ತರಬೇತುದಾರನ ಬಾಳು ಹಕೋವಾದಿಂದಲೇ ಶುರುವಾಯಿತು. 1935ರಲ್ಲಿ ಹಾಲೆಂಡಿನ ಎನ್‌ಸ್ಖೆಡೆ ಊರಿನ ಕ್ಲಬ್ ಕರೆಯಿತು. ಅಲ್ಲಿನ ಒಂದು ಪ್ರಸಂಗವನ್ನು ಆತನೇ ಹೇಳಿಕೊಳ್ಳುತ್ತಿದ್ದ. ಕೆಳಗಿನ ದರ್ಜೆಗೆ ಬೀಳದಿದ್ದರೆ ಸಾಕು ಎಂದುಕೊಂಡಿದ್ದ ಕ್ಲಬ್ ಅದು. ಒಪ್ಪಂದಕ್ಕೆ ಸಹಿ ಹಾಕುವಾಗ, ತಂಡ ರಾಷ್ಟ್ರೀಯ ಚಾಂಪಿಯನ್ ಆದರೆ ನನಗೆ ಭಾರಿ ಬೋನಸ್ ಕೊಡಬೇಕು ಎಂದು ಒಂದು ಸಾಲು ಸೇರಿಸಲು ಹೇಳಿದ. ಪದಾಧಿಕಾರಿಗಳು ನಗುತ್ತಲೇ ಒಪ್ಪಿದರು. ಆಮೇಲೆ ತಂಡ ಗೆಲ್ಲುತ್ತಾ ಹೋಯಿತು. ಋತುವಿನ ಕೊನೆಗೆ ಬಂದಾಗ, ನಾವೆಲ್ಲಿ ಗೆದ್ದು ದಿವಾಳಿಯಾಗುತ್ತೇವೋ ಎಂದು ಕ್ಲಬ್ಬಿನ ಅಧ್ಯಕ್ಷರು ಸೋಲಿಗಾಗಿ ಹಾರೈಸುವಂತಾಯಿತಂತೆ. ಕೊನೆಗೆ ಪ್ರಶಸ್ತಿ ಕೂದಲೆಳೆಯಲ್ಲಿ ತಪ್ಪಿತು. ನಗೆಯ ಪ್ರಸಂಗವೇ ಸರಿ. ಆದರೆ ಒಪ್ಪಂದದ ಕಾಗದದಲ್ಲಿ ಏನು ಬರೆದಿದೆ, ಏನು ಬರೆದಿಲ್ಲ ಎನ್ನುವ ಈ ವಿಷಯವನ್ನು ನೀವು ನೆನಪಿಟ್ಟುಕೊಳ್ಳಬೇಕು. ಇಪ್ಪತ್ತೈದು ವರ್ಷಗಳ ನಂತರ ಅದು ಲಿಸ್ಬನ್ನಿನಲ್ಲಿ ಮತ್ತೆ ಎದುರಾಗುತ್ತದೆ.

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿತು. ಹಕೋವಾ ಕ್ಲಬ್ಬನ್ನು ಮುಚ್ಚಿಸಿದರು. ಆಗ ಹಕೋವಾದಲ್ಲೇ ಕೆಲಸದಲ್ಲಿದ್ದ ಗುಟ್‌ಮನ್ ಬುಡಾಪೆಸ್ಟ್‌ಗೆ ಓಡಿದ. ಉಯ್‌ಪೆಷ್ಟ್ ಕ್ಲಬ್ಬಿನ ತರಬೇತುದಾರನಾಗಿ 1939ರಲ್ಲಿ ಹಂಗೆರಿಯ ಲೀಗ್ ಪ್ರಶಸ್ತಿಯನ್ನೂ, ಆಗ ಮಧ್ಯ ಯುರೋಪಿನ ಅತಿ ದೊಡ್ಡ ಗೌರವವಾಗಿದ್ದ ಮಿಟ್ರೋಪ ಕಪ್ಪನ್ನೂ ಗೆಲ್ಲಿಸಿದ. ಗೆಲ್ಲಿಸಿದವನಿಗೆ ಕೆಲಸ ಉಳಿಯಲಿಲ್ಲ. ಹಂಗೆರಿಯ ಯಹೂದಿ ವಿರೋಧಿ ಕಾನೂನುಗಳು ಅಷ್ಟು ಹೊತ್ತಿಗೆ ಬಿಗಿಯಾಗಿದ್ದವು.

ಇಲ್ಲಿಂದ ಮುಂದಿನ ಆರು ವರ್ಷಗಳ ಬಗ್ಗೆ ಗುಟ್‌ಮನ್ ಬಾಯಿ ಬಿಟ್ಟದ್ದು ಬಹಳ ಕಡಿಮೆ. 1964ರಲ್ಲಿ ಬಂದ ತನ್ನ ಜೀವನ ಕಥನದಲ್ಲಿಯೂ, ಆ ಕಾಲದ ಬಗ್ಗೆ ಸಾಕಷ್ಟು ಪುಸ್ತಕಗಳು ಬಂದಿವೆ, ನಾನು ಸೇರಿಸುವುದೇನಿದೆ ಎಂಬ ಧಾಟಿಯಲ್ಲಿ ಮಾತು ಮುಗಿಸಿದ. ಹಾಗಾಗಿ ಆತ ಯುದ್ಧದ ಕಾಲವನ್ನು ಸ್ವಿಟ್ಜರ್‌ಲೆಂಡಿನಲ್ಲಿ ಕಳೆದ ಎಂದೇ ಬಹಳ ವರ್ಷ ಬರೆದುಕೊಂಡು ಬಂದವರಿದ್ದರು. ನಿಜ ಬೇರೆ. 2017ರಲ್ಲಿ ಡೇವಿಡ್ ಬೋಲ್‌ಚೋವರ್ ಎಂಬ ಲೇಖಕ ಆತನ ಜೀವನ ಚರಿತ್ರೆ ಪ್ರಕಟಿಸಿದ ಮೇಲೆ ಅದು ಎಲ್ಲರಿಗೂ ತಿಳಿಯಿತು. 1944ರಲ್ಲಿ ಜರ್ಮನ್ ಸೇನೆ ಹಂಗೆರಿಯನ್ನು ಹಿಡಿದು ಲಕ್ಷಾಂತರ ಯಹೂದಿಗಳನ್ನು ಆಶ್‌ವಿಟ್ಸ್‌ಗೆ ಸಾಗಿಸುತ್ತಿದ್ದಾಗ, ಗುಟ್‌ಮನ್ ಉಯ್‌ಪೆಷ್ಟ್‌ನ ಒಂದು ಕ್ಷೌರದಂಗಡಿಯ ಅಟ್ಟದ ಮೇಲೆ ಅವಿತಿದ್ದ. ಅಂಗಡಿ ಆತನ ಮುಂದಿನ ಹೆಂಡತಿಯ ಅಣ್ಣತಮ್ಮಂದಿರಲ್ಲೊಬ್ಬನದು, ಅವರು ಯಹೂದಿಗಳಲ್ಲ. ಆಮೇಲೆ ಬಲವಂತದ ದುಡಿಮೆಯ ಶಿಬಿರಕ್ಕೆ ಬಿದ್ದ. ಅಲ್ಲಿಂದಲೂ ಬೇರೆಡೆಗೆ ಸಾಗಿಸುತ್ತಾರೆಂಬ ಸುಳಿವು ಸಿಕ್ಕಾಗ, ಡಿಸೆಂಬರ್ ತಿಂಗಳಲ್ಲಿ, ಕಿಟಕಿಯಿಂದ ಹಾರಿ ತಪ್ಪಿಸಿಕೊಂಡ. ಜೊತೆಗೆ ಹಾರಿದವರಲ್ಲಿ ಎರ್ನೊ ಎರ್ಬ್‌ಸ್ಟೈನ್ ಎಂಬ ಇನ್ನೊಬ್ಬ ಫುಟ್‌ಬಾಲ್ ತರಬೇತುದಾರನಿದ್ದ. ಇಟಲಿಯ ಮಹಾನ್ ಟೊರಿನೊ ತಂಡವನ್ನು ಕಟ್ಟಿದ ಆತ 1949ರಲ್ಲಿ ಸುಪೆರ್ಗಾ ಬೆಟ್ಟದ ವಿಮಾನ ಅಪಘಾತದಲ್ಲಿ ತಂಡದ ಜೊತೆಗೇ ಸತ್ತ. ಗುಟ್‌ಮನ್ ಬದುಕಿದ. ಆತನ ತಂದೆ, ಸಹೋದರಿ, ಬಂಧುಬಳಗದ ಬಹುಪಾಲು ಜನ ನಾಜಿಗಳ ಕೈಯಲ್ಲಿ ಹತರಾದರು.

ಯುದ್ಧ ಮುಗಿದ ಮೇಲೆ ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಕೆಲಸ ಸಿಕ್ಕಿತು. ಹಣದ ಬೆಲೆ ದಿನದಿನಕ್ಕೆ ಕುಸಿಯುತ್ತಿದ್ದ ಕಾಲ. ಸಂಬಳವನ್ನು ದವಸಧಾನ್ಯ, ತರಕಾರಿಯ ರೂಪದಲ್ಲಿ ಕೊಡಿ ಎಂದು ಕೇಳಿದ. ಇದನ್ನು ಆತನ ವಿಚಿತ್ರ ನಡವಳಿಕೆಯ ಉದಾಹರಣೆಯಾಗಿ ಹೇಳುವುದುಂಟು. ನಮ್ಮ ಹಳ್ಳಿಗಳಲ್ಲಿ ಆಯ ಪಡೆಯುತ್ತಿದ್ದ ಕಮ್ಮಾರ, ಬಡಗಿಗಳನ್ನು ಕಂಡವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಿಸದು. ಒಬ್ಬ ಪದಾಧಿಕಾರಿ ತಂಡದ ಆಯ್ಕೆಯಲ್ಲಿ ಕೈಹಾಕಿದ ಕೂಡಲೇ ಅಲ್ಲಿಂದ ಹೊರಟ. ಬುಡಾಪೆಸ್ಟ್‌ಗೆ ಬಂದು ಉಯ್‌ಪೆಷ್ಟ್ ತಂಡವನ್ನು ಮತ್ತೆ ಚಾಂಪಿಯನ್ ಮಾಡಿದ. ಅಲ್ಲಿಂದ ಕಿಷ್‌ಪೆಷ್ಟ್ ಎಂಬ ಕ್ಲಬ್. ಅಲ್ಲಿ ಫೆರೆಂಕ್ ಪುಷ್ಕಾಶ್ ಎಂಬ ಯುವ ಪ್ರತಿಭೆ ಇದ್ದ. ಆತನ ತಂದೆಯ ಜಾಗಕ್ಕೇ ಗುಟ್‌ಮನ್ ತರಬೇತುದಾರನಾಗಿ ಬಂದದ್ದು. ಒಂದು ಪಂದ್ಯದ ವಿರಾಮದಲ್ಲಿ, ಒರಟಾಗಿ ಆಡುತ್ತಿದ್ದ ರಕ್ಷಣಾ ಆಟಗಾರನೊಬ್ಬನಿಗೆ ಗುಟ್‌ಮನ್, ಸಾಕು, ನೀನು ಮೈದಾನಕ್ಕೆ ಇಳಿಯಬೇಡ ಎಂದ. ಪುಷ್ಕಾಶ್, ನೀನು ಆಡು ಎಂದ. ಆಟಗಾರ ಆಡಿದ. ಗುಟ್‌ಮನ್ ಹೋಗಿ ಪ್ರೇಕ್ಷಕರ ನಡುವೆ ಕುಳಿತು ಕುದುರೆ ಜೂಜಿನ ಪತ್ರಿಕೆ ಓದಿದ. ಪಂದ್ಯ ಮುಗಿದಾಗ ಟ್ರಾಮ್ ಹಿಡಿದು ಮನೆಗೆ ಹೋದ. ಮತ್ತೆ ಆ ಕ್ಲಬ್ಬಿನ ಕಡೆ ತಲೆಹಾಕಲಿಲ್ಲ.

ಇಟಲಿಯ ಪಡೋವಾ, ಟ್ರಿಯೆಸ್ಟೆ, ಅರ್ಜೆಂಟೀನಾ, ಸೈಪ್ರಸ್ ಹೀಗೆ ಸುತ್ತಿ 1953ರಲ್ಲಿ ಮಿಲಾನ್ ಕ್ಲಬ್ಬಿಗೆ ಬಂದ. ಸ್ವೀಡನ್ನಿನ ನೋರ್ಡಾಲ್, ಲೀಡ್‌ಹೋಮ್, ಉರುಗ್ವೆಯ ಸ್ಕಿಯಾಫಿನೊ ಇದ್ದ ಬಲಿಷ್ಠ ತಂಡ. 1955ರ ಫೆಬ್ರುವರಿಯಲ್ಲಿ ಮಿಲಾನ್ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದಾಗಲೇ ಗುಟ್‌ಮನ್‌ನನ್ನು ತೆಗೆದುಹಾಕಿದರು. ಆತ ಕಟ್ಟಿಕೊಟ್ಟ ಮುನ್ನಡೆಯ ಮೇಲೆ ಬೇರೆಯವನ ಕೈಯಲ್ಲಿ ತಂಡ ಆ ವರ್ಷದ ಚಾಂಪಿಯನ್ ಆಯಿತು. ಅಲ್ಲಿಂದ ಮುಂದೆ, ತಂಡ ಅಗ್ರಸ್ಥಾನದಲ್ಲಿರುವಾಗ ನನ್ನನ್ನು ತೆಗೆಯುವಂತಿಲ್ಲ ಎಂಬ ಸಾಲನ್ನು ತನ್ನ ಒಪ್ಪಂದಗಳಲ್ಲಿ ಸೇರಿಸಲು ಒತ್ತಾಯಿಸುತ್ತಿದ್ದ. ನೌಕರಿ ಕಳೆದುಕೊಂಡ ಯಾವ ನೌಕರನಿಗಾದರೂ ಅರ್ಥವಾಗುವ ಸಾಲು ಅದು.

1956ರ ಕೊನೆಗೆ ಹಂಗೆರಿಯ ಕ್ರಾಂತಿಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿಹಾಕಿದವು. ಪುಷ್ಕಾಶ್ ಇದ್ದ ಹೊನ್‌ವೆಡ್ ತಂಡ ಆಗ ದೇಶದ ಹೊರಗಿತ್ತು. ಇದು ಹಳೆಯ ಕಿಷ್‌ಪೆಷ್ಟ್ ಕ್ಲಬ್ಬೇ, ಸೈನ್ಯಕ್ಕೆ ಸೇರಿ ಹೆಸರು ಬದಲಾಯಿಸಿಕೊಂಡದ್ದು. ಊರಿಗೆ ಮರಳಲು ಮನಸ್ಸಿಲ್ಲದ ಆ ಆಟಗಾರರು, ಅಧಿಕಾರಸ್ಥರ ವಿರೋಧವನ್ನೂ ಲೆಕ್ಕಿಸದೆ 1957ರ ಆರಂಭದಲ್ಲಿ ಬ್ರೆಜಿಲ್ ಪ್ರವಾಸ ಹೊರಟರು. ಅವರನ್ನು ಕರೆದೊಯ್ದವರಲ್ಲಿ ಗುಟ್‌ಮನ್ ಒಬ್ಬ. ಟ್ರಾಮಿನ ಜಗಳ ಅಲ್ಲಿಗೆ ಮರೆಯಿತು. ಪ್ರವಾಸ ಮುಗಿದು ಆಟಗಾರರು ಯುರೋಪಿಗೆ ಮರಳಿದರು. ಗುಟ್‌ಮನ್ ಸಾವೊ ಪಾಲೊ ಕ್ಲಬ್ಬಿನ ತರಬೇತುದಾರನಾಗಿ ಅಲ್ಲೇ ಉಳಿದು, ಅದೇ ವರ್ಷ ಆ ರಾಜ್ಯದ ಪ್ರಶಸ್ತಿ ಗೆಲ್ಲಿಸಿದ.

ಇಲ್ಲಿ ಆಟದ ವಿಷಯ ಸ್ವಲ್ಪ ವಿವರಿಸಬೇಕು. ಅಂದಿನ ತಂಡಗಳು ಸಾಮಾನ್ಯವಾಗಿ ಹಿಂದೆ ಮೂವರು ರಕ್ಷಕರನ್ನು ಇಟ್ಟುಕೊಳ್ಳುತ್ತಿದ್ದವು. 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಸೋಲಿಸಿದ ಹಂಗೆರಿ, ಮಧ್ಯದ ಒಬ್ಬ ಆಟಗಾರನನ್ನು ಹಿಂದಕ್ಕೆಳೆದು ರಕ್ಷಕರ ಸಾಲಿಗೆ ಸೇರಿಸಿತ್ತು. ಸೆಂಟರ್ ಫಾರ್ವರ್ಡ್‌ನನ್ನು ಮಧ್ಯಕ್ಕೆ ಇಳಿಸಿತ್ತು. ಇದು ಬೆಳೆದು ಹಿಂದೆ ನಾಲ್ವರು, ನಡುವೆ ಇಬ್ಬರು, ಮುಂದೆ ನಾಲ್ವರು ಎಂಬ ವ್ಯೂಹವಾಯಿತು. ಗುಟ್‌ಮನ್ ಸಾವೊ ಪಾಲೊದಲ್ಲಿ ಆಡಿಸಿದ್ದು ಇದನ್ನೇ. ಅದೇ ಕ್ಲಬ್ಬಿನಲ್ಲಿ ಕೆಲಸ ಮಾಡಿದ್ದ ವಿಸೆಂಟೆ ಫೆಯೋಲಾ ಮರುವರ್ಷ ಬ್ರೆಜಿಲ್ ತಂಡದ ತರಬೇತುದಾರನಾದ. ಹದಿನೇಳು ವರ್ಷದ ಪೆಲೆ ಇದ್ದ ಆ ತಂಡ ಇದೇ ವ್ಯೂಹದಲ್ಲಿ 1958ರ ವಿಶ್ವಕಪ್ ಗೆದ್ದಿತು. ಹಾಗೆಂದು ಬ್ರೆಜಿಲ್‌ಗೆ ಆಟ ಕಲಿಸಿದವನು ಗುಟ್‌ಮನ್ ಎನ್ನುವುದು ಅತಿಯಾಯಿತು. ಬ್ರೆಜಿಲಿಯನ್ನರೇ ಆ ದಾರಿಯಲ್ಲಿ ಪ್ರಯೋಗ ನಡೆಸಿದ್ದರು. 1937ರಲ್ಲಿಯೇ ರಿಯೊದ ಫ್ಲಮೆಂಗೊ ಕ್ಲಬ್ಬಿಗೆ ಬಂದಿದ್ದ ಡೋರಿ ಕುರ್ಶ್‌ನರ್ ಕೂಡ ಎಂಟಿಕೆಯಲ್ಲಿ ಆಡಿದ್ದ ಹಂಗೆರಿಯ ಯಹೂದಿಯೇ. ಊರು ಬಿಟ್ಟು ಬಂದವರ ಕೈಚೀಲದಲ್ಲಿ ಒಂದು ವಿದ್ಯೆ ದೇಶದಿಂದ ದೇಶಕ್ಕೆ ಹೋಗುತ್ತಿತ್ತು, ಅಷ್ಟೆ.

1958ರಲ್ಲಿ ಪೋರ್ಚುಗಲ್ಲಿನ ಪೋರ್ತೊ ಕ್ಲಬ್ ಕರೆಯಿತು. ಬಂದ ಮೊದಲ ಋತುವಿನಲ್ಲಿಯೇ ಬೆನ್‌ಫಿಕಾವನ್ನು ಗೋಲುಗಳ ಅಂತರದಲ್ಲಿ ಹಿಂದಿಕ್ಕಿ ಪೋರ್ತೊ ಚಾಂಪಿಯನ್ ಆಯಿತು. ಸೋತ ಬೆನ್‌ಫಿಕಾ ಗೆದ್ದವನನ್ನೇ ತನ್ನ ಕಡೆಗೆ ಎಳೆದುಕೊಂಡಿತು. ಗುಟ್‌ಮನ್ ಬಂದವನೇ ಸುಮಾರು ಇಪ್ಪತ್ತು ಹಳೆಯ ಆಟಗಾರರನ್ನು ಮನೆಗೆ ಕಳುಹಿಸಿ ಹುಡುಗರನ್ನು ಮೇಲೆತ್ತಿದ. 1960, 1961ರ ಲೀಗ್ ಪ್ರಶಸ್ತಿಗಳು ಬೆನ್‌ಫಿಕಾಕ್ಕೆ ಬಂದವು.

ಆಗಿನ ಬೆನ್‌ಫಿಕಾ ಪೋರ್ಚುಗೀಸ್ ಪ್ರಜೆಗಳನ್ನು ಮಾತ್ರ ಆಡಿಸುತ್ತಿತ್ತು. ಆದರೆ ಪ್ರಜೆ ಎಂಬ ಮಾತಿನೊಳಗೆ ಆಫ್ರಿಕದ ವಸಾಹತುಗಳೂ ಸೇರಿದ್ದವು. ಗೋಲ್‌ಕೀಪರ್ ಕೋಸ್ಟಾ ಪೆರೇರಾ, ನಾಯಕತ್ವದ ಗುಣವಿದ್ದ ಕೊಲೂನಾ ಹುಟ್ಟಿದ್ದು ಮೊಜಾಂಬಿಕ್‌ನಲ್ಲಿ. ಗೋಲುಗಾರ ಜೋಸೆ ಆಗ್ವಾಸ್, ಸಂತಾನಾ ಅಂಗೋಲಾದವರು. ಒಂದು ದಿನ ಲಿಸ್ಬನ್ನಿನ ಕ್ಷೌರದಂಗಡಿಯಲ್ಲಿ ಗುಟ್‌ಮನ್‌ಗೆ ಬ್ರೆಜಿಲ್‌ನ ಮಾಜಿ ಆಟಗಾರ ಜೋಸೆ ಕಾರ್ಲೊಸ್ ಬವೆರ್ ಸಿಕ್ಕ. ಮೊಜಾಂಬಿಕ್ ಪ್ರವಾಸದಲ್ಲಿ ಒಬ್ಬ ಅದ್ಭುತ ಹುಡುಗನನ್ನು ಕಂಡೆ ಎಂದ. ಆ ಹುಡುಗ ಯುಸೇಬಿಯೊ. ಎದುರಾಳಿ ಕ್ಲಬ್ ಸ್ಪೋರ್ಟಿಂಗ್ ಕೂಡ ಆತನ ಮೇಲೆ ಕಣ್ಣಿಟ್ಟಿತ್ತು. 1960ರ ಡಿಸೆಂಬರ್‌ನಲ್ಲಿ ಲಿಸ್ಬನ್ನಿಗೆ ಬಂದಿಳಿದ ಯುಸೇಬಿಯೊ, ಆ ವ್ಯಾಜ್ಯ ಬಗೆಹರಿಯುವವರೆಗೆ ತಿಂಗಳುಗಟ್ಟಲೆ ಆಡುವಂತಿರಲಿಲ್ಲ. ಒಂದು ಕ್ಷೌರದಂಗಡಿಯ ಅಟ್ಟದಲ್ಲಿ ಜೀವ ಉಳಿಸಿಕೊಂಡವನಿಗೆ ಇನ್ನೊಂದು ಕ್ಷೌರದಂಗಡಿಯಲ್ಲಿ ಯುಸೇಬಿಯೊನ ಸುದ್ದಿ ಸಿಕ್ಕಿತು ಎನ್ನುವುದು ಕಾಕತಾಳೀಯ. ಅದಕ್ಕೆ ಹೆಚ್ಚು ಅರ್ಥ ಹಚ್ಚುವುದು ಬೇಡ.

1961ರ ಮೇ 31ರಂದು ಬರ್ನ್ ನಗರದಲ್ಲಿ ಯುರೋಪಿಯನ್ ಕಪ್ ಫೈನಲ್. ಎದುರಿಗೆ ಬಾರ್ಸಿಲೋನಾ. ಆ ತಂಡದಲ್ಲಿ ಮೂವರು ಹಂಗೆರಿಯವರು: ಕುಬಾಲಾ, ಕೊಚಿಷ್, ಚಿಬೊರ್. ಮೂವರೂ ದೇಶ ಬಿಟ್ಟು ಬಂದವರೇ. ಇದೇ ಮೈದಾನದಲ್ಲಿ ಕೊಚಿಷ್ ಮತ್ತು ಚಿಬೊರ್ 1954ರ ವಿಶ್ವಕಪ್ ಫೈನಲನ್ನು 3-2ರಿಂದ ಸೋತಿದ್ದರು. ಈ ಸಲ ಇಬ್ಬರೂ ತಲಾ ಒಂದು ಗೋಲು ಹೊಡೆದರು. ಚೆಂಡು ಪದೇ ಪದೇ ಗೋಲು ಕಂಬಕ್ಕೆ ಬಡಿಯಿತು. ಬೆನ್‌ಫಿಕಾ ಅದೇ 3-2ರಿಂದ ಗೆದ್ದಿತು. ಅದೃಷ್ಟ ಅಂದು ಬೆನ್‌ಫಿಕಾದ ಕಡೆಗಿತ್ತು. ಶಾಪದ ಕಥೆ ಹೇಳುವವರು ಈ ಕಂಬಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮರುವರ್ಷ ಮೇ 2ರಂದು ಆಮ್‌ಸ್ಟರ್‌ಡ್ಯಾಮ್. ಎದುರಿಗೆ ಐದು ಸಲ ಕಪ್ ಗೆದ್ದಿದ್ದ ರಿಯಲ್ ಮ್ಯಾಡ್ರಿಡ್, ಅಲ್ಲಿ ಡಿ ಸ್ಟೆಫಾನೊ ಮತ್ತು ನಮ್ಮ ಟ್ರಾಮಿನ ಕಥೆಯ ಪುಷ್ಕಾಶ್. ವಿರಾಮಕ್ಕೆ ಮುನ್ನವೇ ಪುಷ್ಕಾಶ್ ಮೂರು ಗೋಲು ಹೊಡೆದ. ಮ್ಯಾಡ್ರಿಡ್ 3-2 ಮುಂದಿತ್ತು. ವಿರಾಮದಲ್ಲಿ ಗುಟ್‌ಮನ್ ಕಾವೆಮ್ ಎಂಬ ಆಟಗಾರನನ್ನು ಡಿ ಸ್ಟೆಫಾನೊಗೆ ಅಂಟಿಸಿದ. ಪುಷ್ಕಾಶ್‌ಗೆ ಚೆಂಡು ಬರುವ ದಾರಿ ಕಡಿಯಿತು. ಕೊಲೂನಾ ಸಮ ಮಾಡಿದ, ಕೊನೆಯ ಎರಡು ಗೋಲು ಯುಸೇಬಿಯೊನದು. 5-3. ಪಂದ್ಯದ ಕೊನೆಗೆ ಪುಷ್ಕಾಶ್ ತನ್ನ ಅಂಗಿ ಕಳಚಿ ಯುಸೇಬಿಯೊಗೆ ಕೊಟ್ಟ.

ಇನ್ನು ಸಂಬಳದ ವಿಷಯ. ಆ ವರ್ಷ ಬೆನ್‌ಫಿಕಾ ದೇಶದ ಲೀಗ್ ಗೆದ್ದಿರಲಿಲ್ಲ. ಲೀಗ್ ಗೆದ್ದಿದ್ದರೆ ಸಿಗುತ್ತಿದ್ದ ಬೋನಸ್ಸಿಗಿಂತ ಯುರೋಪಿಯನ್ ಕಪ್ ಗೆದ್ದದ್ದಕ್ಕೆ ಸಿಕ್ಕಿದ್ದು ಕಡಿಮೆ, ಅದನ್ನು ಸರಿಪಡಿಸಲು ಪದಾಧಿಕಾರಿಗಳು ಬೆರಳನ್ನೂ ಎತ್ತಲಿಲ್ಲ ಎನ್ನುವುದು ಗುಟ್‌ಮನ್ ಹೇಳಿದ ಕಾರಣ. ಒಪ್ಪಂದದಲ್ಲಿ ಬರೆದಿಲ್ಲ ಎನ್ನುವುದು ಕ್ಲಬ್ಬಿನ ಉತ್ತರ. ಹಾಲೆಂಡಿನಲ್ಲಿ ಒಂದು ಸಾಲು ಬರೆಸಿ ನಗಿಸಿದ್ದವನು ಇಲ್ಲಿ ಒಂದು ಸಾಲು ಬರೆಸಿರಲಿಲ್ಲ. ಯಾವ ತರಬೇತುದಾರನೂ ಒಂದೆಡೆ ಎರಡು ವರ್ಷಕ್ಕಿಂತ ಹೆಚ್ಚು ಇರಬಾರದು, ಮೂರನೇ ವರ್ಷ ಮಾರಕ ಎಂದು ಆತ ಹೇಳುತ್ತಿದ್ದ. ವಿಚಿತ್ರವೆಂದರೆ, ಆಮ್‌ಸ್ಟರ್‌ಡ್ಯಾಮ್‌ನ ಗೆಲುವು ಬಂದದ್ದು ಬೆನ್‌ಫಿಕಾದಲ್ಲಿ ಆತನ ಮೂರನೇ ವರ್ಷದಲ್ಲಿಯೇ. ಮುಂದಿನ ನಿಲ್ದಾಣ ಉರುಗ್ವೆಯ ಪೆನ್ಯರೋಲ್.

ಈ ಮನುಷ್ಯನನ್ನು ದುರಾಸೆಯವನು ಎಂದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಬುಡಾಪೆಸ್ಟ್, ವಿಯೆನ್ನಾ, ನ್ಯೂಯಾರ್ಕ್, ಮತ್ತೆ ವಿಯೆನ್ನಾ, ಮತ್ತೆ ಬುಡಾಪೆಸ್ಟ್: ಬೇರು ಬಿಡಲು ಹೋದ ಒಂದೊಂದು ಊರೂ ಆತನನ್ನು ಕಿತ್ತೆಸೆಯಿತು. ಗೆದ್ದಾಗಲೂ ಕೆಲಸ ಹೋಯಿತು, ಕೂಡಿಟ್ಟದ್ದೂ ಹೋಯಿತು, ಹೆತ್ತವರು ಒಡಹುಟ್ಟಿದವರು ಹೋದರು. ಕ್ಲಬ್ಬಿನ ಪ್ರೀತಿ, ಅಭಿಮಾನಿಗಳ ಜೈಕಾರ ಇವುಗಳನ್ನು ನಂಬಿ ಕೂರುವ ಸ್ಥಿತಿ ಆತನದಾಗಿರಲಿಲ್ಲ. ಉಳಿದದ್ದು ಒಪ್ಪಂದದ ಕಾಗದ ಒಂದೇ.

ಶಾಪದ ಬಗ್ಗೆಯೂ ಎರಡು ಮಾತು. ಆತ ಅದನ್ನು ನಿಜಕ್ಕೂ ಉಚ್ಚರಿಸಿದ ಎನ್ನಲು ಆ ಕಾಲದ ಗಟ್ಟಿ ಆಧಾರ ನಾನು ಓದಿದ ಎಲ್ಲಿಯೂ ಸಿಗಲಿಲ್ಲ. ಶಪಿಸಿ ಹೋದವನೆನ್ನುವ ಆತನನ್ನೇ 1965ರಲ್ಲಿ ಬೆನ್‌ಫಿಕಾ ಮತ್ತೆ ಕರೆಸಿಕೊಂಡಿತು, ಆತ ಬಂದ. ಆ ಋತುವಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಲಿಸ್ಬನ್ನಿನಲ್ಲಿಯೇ 1-5ರಿಂದ ಸೋತಾಗ ತರಬೇತುದಾರ ಆತನೇ. ಸೋಲುಗಳಿಗೆ ನೆಲದ ಮೇಲಿನ ಕಾರಣಗಳೂ ಇದ್ದವು. 1963ರ ಫೈನಲ್‌ನಲ್ಲಿ ಕೊಲೂನಾ ಗಾಯಗೊಂಡ. ಬದಲಿ ಆಟಗಾರರಿಗೆ ಅವಕಾಶವಿಲ್ಲದ ಕಾಲ, ಕುಂಟುತ್ತಲೇ ಆಡಿದ. 1965ರ ಫೈನಲ್ ನಡೆದದ್ದು ಎದುರಾಳಿ ಇಂಟರ್‌ನ ಸ್ವಂತ ಮೈದಾನದಲ್ಲಿ. ಗೋಲ್‌ಕೀಪರ್ ಗಾಯಗೊಂಡು, ಜೆರ್ಮಾನೊ ಎಂಬ ರಕ್ಷಣಾ ಆಟಗಾರ ಗೋಲು ಕಾಯಬೇಕಾಯಿತು. 1968ರ ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್, ಜಾಗ ವೆಂಬ್ಲಿ. 2022ರಲ್ಲಿ ಬೆನ್‌ಫಿಕಾದ ಹುಡುಗರ ತಂಡ ಯುರೋಪಿನ ಯುವ ಲೀಗ್ ಫೈನಲನ್ನು 6-0ರಿಂದ ಗೆದ್ದಾಗ, ಶಾಪ ವಿಮೋಚನೆಯಾಯಿತು ಎಂದು ಬರೆದವರೂ ಇದ್ದರು.

ಗುಟ್‌ಮನ್ ಕೊನೆಯದಾಗಿ ಕೆಲಸ ಮಾಡಿದ್ದು 1973-74ರಲ್ಲಿ, ಪೋರ್ತೊದಲ್ಲಿ. ವಿಯೆನ್ನಾದಲ್ಲಿ ನೆಲೆಸಿ 1981ರ ಆಗಸ್ಟ್ 28ರಂದು ತೀರಿಕೊಂಡ. 2014ರಲ್ಲಿ ಬೆನ್‌ಫಿಕಾ ತನ್ನ ಕ್ರೀಡಾಂಗಣದಲ್ಲಿ ಆತನ ಪ್ರತಿಮೆ ನಿಲ್ಲಿಸಿತು, ಎರಡು ಕೈಗಳಲ್ಲಿ ಎರಡು ಕಪ್.

1990ರ ಯುರೋಪಿಯನ್ ಕಪ್ ಫೈನಲ್ ವಿಯೆನ್ನಾದಲ್ಲಿಯೇ ನಡೆಯಿತು. ಪಂದ್ಯಕ್ಕೆ ಮುಂಚೆ ಯುಸೇಬಿಯೊ ಗುಟ್‌ಮನ್ ಸಮಾಧಿಗೆ ಹೋಗಿ, ಶಾಪ ಹಿಂತೆಗೆದುಕೊಳ್ಳಿ ಎಂದು ಪ್ರಾರ್ಥಿಸಿದ ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿದೆ. ಬೆನ್‌ಫಿಕಾ 0-1ರಿಂದ ಸೋತಿತು. ಗೆದ್ದದ್ದು ಮಿಲಾನ್. 1963ರಲ್ಲಿ ವೆಂಬ್ಲಿಯಲ್ಲಿ ಬೆನ್‌ಫಿಕಾವನ್ನು ಸೋಲಿಸಿದ್ದೂ ಮಿಲಾನೇ. ಮೊದಲ ಸ್ಥಾನದಲ್ಲಿದ್ದಾಗಲೇ ಗುಟ್‌ಮನ್‌ನನ್ನು ಮನೆಗೆ ಕಳುಹಿಸಿದ್ದು ಅದೇ ಮಿಲಾನ್.